ಎರಡನೆಯ ಪುಟ

ಪ್ರಿಂಟರಿನಲ್ಲಿ ಹಾಳೆ ಮುಗಿದದ್ದೇ ಎಲ್ಲಕ್ಕೂ ಕಾರಣ.

ಸೇತುರಾಮನ ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಅವನು ನೆಲೆಸಿದ್ದ ಆ ಪುಟ್ಟ ದ್ವೀಪದೇಶದ ಬೆಡೋಕ್ ಬಡಾವಣೆಯಲ್ಲಿ, ಒಂದು ವಸತಿ ಬ್ಲಾಕಿನ ಒಂಬತ್ತನೆಯ ಮಹಡಿಯಲ್ಲಿ, ಅವನ ಪಕ್ಕದ ಮನೆಯ ಉಮಾವತಿಯ ಹತ್ತಿರ ಇತ್ತು. 2016ರ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಅವನು ಪೆನ್‌ಡ್ರೈವ್ ಹಿಡಿದುಕೊಂಡು ಅಲ್ಲಿಗೆ ಹೋದ. ಎರಡು ಪುಟಗಳಲ್ಲಿ ಒಂದು ಹೊರಬಂತು. ಎರಡನೆಯದರ ಸರದಿಗೆ ಪ್ರಿಂಟರ್ ಕೆಂಪು ದೀಪ ಮಿಟುಕಿಸಿ, ಮುನಿಸಿಕೊಂಡ ಅಳಿಯನಂತೆ ಸುಮ್ಮನೆ ಕೂತಿತು.

"ಪೇಪರ್ ಖಾಲಿ ಮಾರಾಯ್ರೇ" ಎಂದಳು ಉಮಾವತಿ. ಉಡುಪಿಯವಳು, ಗಂಡ ಸುಕೇಶ್ ಆಫೀಸಿನ ಕೆಲಸಕ್ಕೆಂದು ಜಕಾರ್ತಕ್ಕೆ ಹೋಗಿದ್ದ.

"ಪರವಾಗಿಲ್ಲ, ಕೆಳಗೆ ಅಂಗಡೀಲಿ ಮಾಡಿಸ್ಕೋತೀನಿ. ನಾಳೆವರೆಗೂ ಟೈಮಿದೆ" ಎಂದು ಸೇತುರಾಮ ಪೆನ್‌ಡ್ರೈವ್ ಕಿತ್ತುಕೊಂಡು, ಮೊದಲ ಪುಟ ಹಿಡಿದು ಮನೆಗೆ ಬಂದ.

ವಾರದ ದಿನಗಳಲ್ಲಿ ಅವನು ಪಾಯಾ ಲೆಬಾರ್‌ನ ಒಂದು ಕಂಪನಿಯಲ್ಲಿ, ಯಾರೂ ಓದದ ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುತ್ತಿದ್ದ. ರಜೆ ಬಂತೆಂದರೆ, ಬರೆದವರೆಲ್ಲ ಎಂದೋ ತೀರಿಹೋದ ಕಾಗದಗಳನ್ನು ಓದುತ್ತಿದ್ದ. ಅಮೆರಿಕದ ಒಂದು ದಾಖಲೆ ಸಂಗ್ರಹದವರು, ಆ ದೇಶ ಆಗತಾನೆ ಹುಟ್ಟಿದ್ದ ಕಾಲದ ಕೈಬರಹದ ಪತ್ರಗಳನ್ನು ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದರು. ಓದಬಲ್ಲವರು ಯಾರಾದರೂ ಸರಿ, ಎಲ್ಲಿದ್ದರೂ ಸರಿ, ಅಕ್ಷರ ಬಿಡಿಸಿ ಟೈಪ್ ಮಾಡಿ ಕಳಿಸಬಹುದು. ಸಂಬಳವಿಲ್ಲ. ಮೂರು ವರ್ಷದಿಂದ ಸೇತುರಾಮ ಹಗ್ಗ ಹೊಸೆಯುವವರ, ನಾವಿಕರ, ಮೇಣದ ಬತ್ತಿ ಮಾಡುವವರ ಮನೆ ಸಮಾಚಾರಗಳನ್ನು ಬಿಡಿಸುತ್ತ ಕೂತಿದ್ದ. ಈ ವಾರವಂತೂ ಹ್ಯಾನಾ ಎಂಬ ಹೆಂಗಸಿನ ಒಂದೇ ಪತ್ರದ ಮುಂದೆ ಐದು ಸಂಜೆ ಕಳೆದು, ಅವನ ಕಣ್ಣು ಕೆಂಪಾಗಿ, ತಲೆ ಸಿಡಿಯುತ್ತಿತ್ತು. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಬಂದಾಗ ಅವಳು ಅಕ್ಕನಿಗೆ ಬರೆದದ್ದು. ಭಾನುವಾರ ಬ್ಯೂನಾ ವಿಸ್ಟಾದಲ್ಲಿ ಸೇರುವ ನಾಲ್ಕಾರು ಕನ್ನಡದ ಗೆಳೆಯರೆದುರು ಮೊದಲ ಸಲ ಓದಲೆಂದು ಅದನ್ನು ಕನ್ನಡಕ್ಕೆ ತಂದಿದ್ದ.

ಅವನು ಹೋದ ಅರ್ಧ ಗಂಟೆಗೆ ಉಮಾವತಿ ಕಪಾಟಿನಲ್ಲಿ ಹಾಳೆ ಹುಡುಕಿ ಪ್ರಿಂಟರಿಗೆ ಹಾಕಿದಳು. ಯಾರೂ ಕೇಳದೆಯೇ ಅದು ಎರಡನೆಯ ಪುಟವನ್ನು ಹೊರಗೆ ತಳ್ಳಿತು. ಅದರಲ್ಲಿ ತಾರೀಖಿರಲಿಲ್ಲ, ಊರಿರಲಿಲ್ಲ, ಹೆಸರೂ ಇರಲಿಲ್ಲ.

"ನಾಲ್ಕು ದಿನದಿಂದ ಅವರ ಕಣ್ಣು ಹಳದಿಯಾಗಿದೆ. ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾರೆ. ತಮ್ಮ ಸ್ಥಿತಿ ಅವರಿಗೇ ತಿಳಿದಿಲ್ಲ, ಹೇಳಲು ನನಗೆ ಧೈರ್ಯವಿಲ್ಲ. ಮಗಳನ್ನು ದೂರ ಕಳಿಸಿದ್ದೇನೆ. ನಮ್ಮ ಬಾಗಿಲನ್ನು ಈಗ ಯಾರೂ ತಟ್ಟುವುದಿಲ್ಲ. ಪಕ್ಕದ ಮನೆಯವಳು ನನ್ನನ್ನು ಕಂಡರೆ ಒಳಗೆ ಹೋಗುತ್ತಾಳೆ. ಅಕ್ಕಾ, ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಅವರು ಇರುತ್ತಾರೋ ಇಲ್ಲವೋ."

ಉಮಾವತಿ ಕುರ್ಚಿಯ ಮೇಲೆ ಕುಸಿದಳು. ಸೇತುರಾಮನ ಹೆಂಡತಿ ಅನಸೂಯಳಿಗೆ ಮೈಸೂರಿನಲ್ಲಿ ಅಕ್ಕ ಇದ್ದಾಳೆ. ಮಗಳು ನವ್ಯಾ ಮೊನ್ನೆಯಷ್ಟೇ ಬ್ಯಾಗು ಹೊತ್ತು ಸ್ಕೂಲ್ ಕ್ಯಾಂಪಿಗೆಂದು ಹೋದಳು. ಪಕ್ಕದ ಮನೆಯವಳು ಎಂದರೆ ತಾನೇ. ಹೋದ ವಾರ ಅನಸೂಯ ಲಿಫ್ಟಿನ ಹತ್ತಿರ ಕಂಡಾಗ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಓಡಿದ್ದು ನಿಜ. ಅನಸೂಯ ಬರೆದಿಟ್ಟ ಕಾಗದ ಅದೇ ಪೆನ್‌ಡ್ರೈವಿನಲ್ಲಿದ್ದು, ಅವನಿಗೆ ತಿಳಿಯದೆ ಪ್ರಿಂಟಿಗೆ ಹೋಗಿರಬೇಕು. ಅನಸೂಯಳಿಗೆ ಫೋನ್ ಮಾಡಿದಳು, ಉತ್ತರವಿಲ್ಲ. ಶನಿವಾರವೂ ಲ್ಯಾಬಿಗೆ ಹೋಗುವ ಅನಸೂಯ ಒಳಗೆ ಫೋನ್ ಒಯ್ಯುವಂತಿರಲಿಲ್ಲ.

ಹತ್ತು ಗಂಟೆಗೆ ಸೇತುರಾಮನ ಬಾಗಿಲು ಸದ್ದಾಯಿತು. ಉಮಾವತಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದಳು. ಅವನ ಕಣ್ಣನ್ನೇ ನೋಡಿದಳು.

"ಹೇಗಿದ್ದೀರಿ?"

"ಚೆನ್ನಾಗೇ ಇದ್ದೀನಲ್ಲ, ಯಾಕೆ?"

ಅವಳು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು, ಪಾತ್ರೆಯನ್ನು ಅವನ ಕೈಗಿಟ್ಟು ಹೊರಟೇಹೋದಳು.

ಅವನು ಗಂಜಿ ಮುಗಿಸುವಷ್ಟರಲ್ಲಿ ಏಳನೆಯ ಮಹಡಿಯ ಕೃಷ್ಣಪ್ಪ ಬಂದರು. ಬೆಂಗಳೂರಿನ ಸರ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದವರು. ಅವರು ಸೋಫಾದಲ್ಲಿ ಕೂತು ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಯಾರ ಮೇಲಾದ್ರೂ ಸಿಟ್ಟಿದ್ರೆ ಬಿಟ್ಬಿಡಿ ಸೇತುರಾಮ್."

"ಯಾರ ಮೇಲೂ ಇಲ್ವಲ್ಲ ಅಂಕಲ್."

"ಒಳ್ಳೇದು. ಮನಸ್ಸು ಹಗುರಾಗಿದ್ರೆ ಹೋಗೋ ದಾರೀನೂ ಹಗುರ."

"ನಾನೆಲ್ಲಿಗೆ ಹೋಗ್ತಿದ್ದೀನಿ?"

ಕೃಷ್ಣಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಅವರ ಹಿಂದೆಯೇ ಕಾರಿಡಾರಿನ ಕೊನೆಯ ಮನೆಯ ಚೀನೀ ಹೆಂಗಸು ಮೇಡಂ ಗೋ ಫ್ಲಾಸ್ಕಿನಲ್ಲಿ ಬಿಸಿ ಸೂಪು ತಂದು, "ಈಟ್ ಲಾ, ಮಸ್ಟ್ ಈಟ್" ಎಂದು ಅವನ ಕೆನ್ನೆ ಸವರಿದರು. ಎಂಟು ವರ್ಷದಲ್ಲಿ ಆಕೆ ಅವನೊಡನೆ ಆಡಿದ್ದು, ಗಿಡದ ಕುಂಡಗಳನ್ನು ದಾರಿಯಿಂದ ತೆಗೆ ಎಂಬ ಮಾತೊಂದನ್ನೇ. ಸೇತುರಾಮನಿಗೆ ಹೆದರಿಕೆ ಶುರುವಾದದ್ದು ಆಗ. ಅವನು ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡ. ಕಣ್ಣು ಕೆಂಪಗಿದ್ದವು, ಅಷ್ಟೆ.

ಮಧ್ಯಾಹ್ನ ಕೃಷ್ಣಪ್ಪ ಮತ್ತೆ ಬಂದರು. "ನಂಗೆ ಬಿಪಿ ಚೆಕ್ ಮಾಡಿಸ್ಬೇಕು. ಒಬ್ನೇ ಹೋಗೋಕೆ ಭಯ. ಸ್ವಲ್ಪ ಜೊತೆಗೆ ಬನ್ನಿ."

ಸೇತುರಾಮ ಇಲ್ಲವೆನ್ನಲು ಬಾರದ ಮನುಷ್ಯ. ಬ್ಲಾಕಿನ ಬುಡದ ತೆರೆದ ಅಂಗಳವಾದ ವಾಯ್ಡ್ ಡೆಕ್ ದಾಟಿ ಕ್ಲಿನಿಕ್ಕಿಗೆ ಹೋದರೆ ಉಮಾವತಿ ಅಲ್ಲಿ ಆಗಲೇ ನಂಬರು ತೆಗೆದುಕೊಂಡು ಕೂತಿದ್ದಳು. ನರ್ಸ್ ಕೃಷ್ಣಪ್ಪನವರನ್ನು ಬಿಟ್ಟು ಸೇತುರಾಮನ ತೋಳು ಹಿಡಿದಳು. ಅವನು ಬಾಯಿ ತೆರೆಯುವ ಮೊದಲೇ ಅದರೊಳಗೆ ಥರ್ಮಾಮೀಟರು. ಅದನ್ನು ತೆಗೆದು ಏನಾದರೂ ಹೇಳುವ ಮೊದಲೇ ತೋಳಿಗೆ ಸೂಜಿ.

ಹೊರಗಿನ ಬೆಂಚಿಗೆ ಬಂದಾಗ ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ ಜೋರು ಸಿಟ್ಟು ಬಂದಿತ್ತು.

"ಏನಾಗಿದೆ ನಿಮಗೆಲ್ಲ? ಹೇಳಿ ಇವತ್ತು!"

ಉಮಾವತಿ ಅಳುತ್ತಲೇ ಬ್ಯಾಗಿನಿಂದ ಮಡಿಸಿದ ಹಾಳೆ ತೆಗೆದುಕೊಟ್ಟಳು. ಅವನು ಎರಡು ಸಾಲು ಓದಿದ. ನಕ್ಕ. ಬೆಂಚು ಅಲುಗುವಂತೆ ನಕ್ಕ. ಆಮೇಲೆ ಮೊಬೈಲಿನಲ್ಲಿ ಮೂಲಪತ್ರದ ಚಿತ್ರ ತೆರೆದು, ಕಂದು ಶಾಯಿಯ ತಾರೀಖನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದ.

"ನೋಡಿ. 1793. ಇದನ್ನೇ ನಾನು ಕನ್ನಡಕ್ಕೆ ತಂದದ್ದು. ಈ ಹೆಂಗಸು ಹ್ಯಾನಾ ಅಂತ. ಈಕೆ ಗಂಡ ಹಗ್ಗ ಹೊಸೀತಿದ್ದ. ಬಂದರಿನ ಹತ್ರ ಮನೆ. ಇಲ್ಲಿ ನೋಡಿ, ಅಕ್ಷರ ಅಲುಗಿದೆ. ಕೈ ನಡುಗ್ತಿತ್ತು ಅನ್ಸುತ್ತೆ."

ಇಬ್ಬರೂ ಬಗ್ಗಿ ನೋಡಿದರು.

"ಆಮೇಲೆ ಅವಳ ಗಂಡ ಏನಾದ?" ಎಂದಳು ಉಮಾವತಿ ಮೆಲ್ಲಗೆ.

"ಗೊತ್ತಿಲ್ಲ. ಈ ಕಾಗದ ಆದ್ಮೇಲೆ ಅವಳದ್ದು ಇನ್ನೇನೂ ಸಿಕ್ಕಿಲ್ಲ. ಇದನ್ನೂ ಮಡಿಚಿ ಅಂಟಿಸಿದ ಹಾಗೇ ಉಳಿದಿತ್ತಂತೆ. ತಗೊಂಡು ಹೋಗೋರು ಸಿಗಲಿಲ್ವೇನೋ."

"ಪಾಪ. ಒಬ್ಬರಾದ್ರೂ ಬಾಗಿಲು ತಟ್ಟಬಾರ್ದಿತ್ತಾ?" ಅವಳು ಮತ್ತೆ ಕಣ್ಣೊರೆಸಿಕೊಂಡಳು. ಈ ಸಲದ ಕಣ್ಣೀರು ಹ್ಯಾನಾಳಿಗೆ. ಸೇತುರಾಮನ ಸಿಟ್ಟು ಇಳಿದುಹೋಯಿತು. ಮೂರು ವರ್ಷದಲ್ಲಿ ಆ ಕಾಗದಗಳಿಗೆ ಸಿಕ್ಕ ಮೊದಲ ಕೇಳುಗರು ಇವರು. ಕೃಷ್ಣಪ್ಪ ಅವನ ಭುಜ ತಟ್ಟಿ, "ದೊಡ್ಡ ಕೆಲಸ ಮಾಡ್ತಿದ್ದೀರಿ. ನಮ್ಮದು ತಪ್ಪಾಯ್ತು, ಕ್ಷಮಿಸಿ" ಎಂದರು. ಮೂವರೂ ಎದ್ದರು.

ಆಗ ಡಾಕ್ಟರು ಬಾಗಿಲು ತೆರೆದು ಅವನ ಹೆಸರು ಕರೆದರು. ಡೆಂಗೀ ಪಾಸಿಟಿವ್. ಪ್ಲೇಟ್‌ಲೆಟ್ ಆಗಲೇ ಇಳಿದಿದೆ. ಈಗಿಂದೀಗಲೇ ಆಸ್ಪತ್ರೆಗೆ ಹೋಗಬೇಕು.

"ಆದ್ರೆ ನಾನು ಚೆನ್ನಾಗೇ ಇದ್ದೀನಿ!" ಎಂದ ಸೇತುರಾಮ.

ಉಮಾವತಿ ಮತ್ತು ಕೃಷ್ಣಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕ್ಷಣದ ಹಿಂದೆ ಅಲ್ಲಿದ್ದ ನಂಬಿಕೆ ಆವಿಯಾಗಿತ್ತು.

"ಇನ್ನೂರು ವರ್ಷದ ಹಿಂದಿನ ಕಾಗದ ಅಂದ್ರಿ" ಎಂದರು ಕೃಷ್ಣಪ್ಪ ನೋವಿನಿಂದ. "ಅದ್ರಲ್ಲಿರೋ ಕಾಯಿಲೆ ನಿಮ್ಮ ರಕ್ತದಲ್ಲಿ ಹೇಗ್ರೀ ಬಂತು? ನಮ್ಮ ಹತ್ರಾನೂ ಮುಚ್ಚಿಡ್ತೀರಾ?"

"ಅಂಕಲ್, ಅದು ಹಳದಿ ಜ್ವರ, ಇದು ಡೆಂಗೀ!"

"ಎರಡೂ ಸೊಳ್ಳೇದೇ ಅಲ್ವಾ?"

ಸೇತುರಾಮ ಸೂಜಿ ಚುಚ್ಚಿದ ಜಾಗವನ್ನು ಉಜ್ಜಿಕೊಂಡ.

ನಾಲ್ಕು ಗಂಟೆಗೆ ಅವನು ಡ್ರಿಪ್ ಹಾಕಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದ. ಈಗ ಜ್ವರ ನಿಜವಾಗಿ ಏರತೊಡಗಿತ್ತು. ಮಂಚದ ಸುತ್ತ ಬ್ಲಾಕಿನ ಒಂಬತ್ತು ಮಂದಿ, ಆರು ಫ್ಲಾಸ್ಕು. ಬಂದವರೆಲ್ಲ ಕಾಗದದ ಸುದ್ದಿ ಎತ್ತಿದರು. ಎಲ್ಲರಿಗೂ ಅವನು ಹ್ಯಾನಾಳ ಕತೆ ಹೇಳಿದ. ಎಲ್ಲರೂ ಕರುಣೆಯಿಂದ ತಲೆಯಾಡಿಸಿದರು. ಕೊನೆಗೆ ಉಮಾವತಿ, "ನಿಜ ಹೇಳಿಬಿಡಿ, ಅನಸೂಯ ಬರೆದದ್ದು ತಾನೇ?" ಎಂದಾಗ ಅವನಿಗೆ ಸಾಕಾಗಿತ್ತು. ಓದಲಾಗದ ಒಂದು ಅಕ್ಷರವನ್ನೂ ಊಹಿಸಿ ತುಂಬದೆ ಮೂರು ವರ್ಷ ದುಡಿದವನು, ಕಣ್ಣು ಮುಚ್ಚಿಕೊಂಡು ಹೇಳಿದ:

"ಹೌದು. ಅವಳೇ ಬರೆದದ್ದು."

ವಾರ್ಡಿನಲ್ಲಿ ನೆಮ್ಮದಿಯ ನಿಟ್ಟುಸಿರು ಹರಡಿತು. ನರ್ಸ್ ಬಂದು ಎಲ್ಲರನ್ನೂ ಹೊರಗೆ ಕಳಿಸಿದಳು. ಖಾಲಿಯಾದ ಕೋಣೆಯಲ್ಲಿ ಅವನು ಫ್ಲಾಸ್ಕುಗಳನ್ನು ನೋಡುತ್ತ ಮಲಗಿದ. ಇವರು ಹೀಗೆ ಬಾಗಿಲು ತಟ್ಟದೇ ಹೋಗಿದ್ದರೆ ತಾನು ಸೋಮವಾರವೂ ತಲೆನೋವೆಂದುಕೊಂಡೇ ಆಫೀಸಿಗೆ ಹೋಗಿರುತ್ತಿದ್ದೆ ಎನಿಸಿತು. ಒಂದು ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲವೆಂದು ಸಮಾಧಾನ ಮಾಡಿಕೊಂಡ.

ಆರಕ್ಕೆ ಅನಸೂಯ ಓಡೋಡಿ ಬಂದಳು. ಹಣೆ ಮುಟ್ಟಿದಳು, ಚಾರ್ಟ್ ಓದಿದಳು, ಅತ್ತಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವಳ ದನಿ ಬದಲಾಯಿತು.

"ರೀ, ಆ ಕಾಗದ ನಾನು ಬರೆದದ್ದು ಅಂತ ಹೇಳಿದ್ರಾ?"

"ತಪ್ಪಿಸ್ಕೊಳ್ಳೋಕೆ ಹೇಳ್ದೆ ಕಣೇ. ಎರಡು ದಿನದಲ್ಲಿ ಮರೀತಾರೆ ಬಿಡು."

"ಉಮಾವತಿ ಅದನ್ನ ಫೋಟೋ ತೆಗೆದು ಮೈಸೂರಿಗೆ ಕಳಿಸಿದ್ದಾಳೆ. 'ನಿಮ್ಮ ತಂಗಿ ನಿಮಗೆ ಬರೆದದ್ದು, ಯಾಕೋ ಕಳಿಸಿಲ್ಲ' ಅಂತ."

ಸೇತುರಾಮ ಎದ್ದು ಕೂತ. "ಅಕ್ಕಂಗೆ ನೀನು ವಿಷಯ ಹೇಳಿದ್ಯಾ?"

"ಹೇಳ್ದೆ. ಅಮೆರಿಕದ ಕಾಗದ ಅಂದ್ರೆ ಇನ್ನೂ ಜಾಸ್ತಿ ಅತ್ತಳು." ಅನಸೂಯ ಅವನ ಹೊದಿಕೆಯ ಸುಕ್ಕು ಸರಿಮಾಡಿದಳು. "ಅಕ್ಕ, ಭಾವ, ಭಾವನ ತಾಯಿ, ಮೂರು ಜನಕ್ಕೂ ವೀಸಾಕ್ಕೆ ಹಾಕಿದ್ದಾರೆ. ನೀವು ಪೂರ್ತಿ ಹುಷಾರಾಗೋವರೆಗೂ ಇಲ್ಲೇ ಇರ್ತಾರಂತೆ. ನಮ್ಮ ರೂಮು ಅವರಿಗೆ ಬಿಟ್ಕೊಡೋಣ. ನಿಮ್ಮ ಕಂಪ್ಯೂಟರ್ ಟೇಬಲ್ ತೆಗೆದ್ರೆ ಹಾಲ್‌ನಲ್ಲಿ ನಮಗೆ ಮಲಗೋಕೆ ಜಾಗ ಆಗುತ್ತೆ."