ಚಿಟ್ಟೆಮನೆಯ ಬಾಗಿಲಲ್ಲಿ ಕಾಲು ತೊಳೆಸಿದ್ದು

ಮೊಮ್ಮಕ್ಕಳನ್ನು ಊರು ಸುತ್ತಿಸುವುದೂ ರೇಷ್ಮೆಹುಳು ಸಾಕುವುದೂ ಒಂದೇ ಬಗೆಯ ಕೆಲಸ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಎರಡಕ್ಕೂ ಹೊತ್ತುಹೊತ್ತಿಗೆ ತಿನ್ನಲು ಹಾಕಬೇಕು, ಎರಡನ್ನೂ ಬಿಸಿಲಿಗೆ ಬಿಡಬಾರದು, ಎರಡರ ಕೆಳಗೂ ಆಗಾಗ ಗುಡಿಸುತ್ತಿರಬೇಕು, ಎರಡನ್ನೂ ಇರುವೆ ಹುಡುಕಿಕೊಂಡು ಬರುತ್ತದೆ. ವ್ಯತ್ಯಾಸ ಇದ್ದರೆ ಒಂದೇ. ಹುಳು ಪ್ರಶ್ನೆ ಕೇಳುವುದಿಲ್ಲ. ಆ ಒಂದು ಕಾರಣಕ್ಕೆ ನಾನು ಹುಳುಗಳ ಪಕ್ಷ.

ನಾನು ಹುಟ್ಟಿದ ಮನೆಯಲ್ಲೂ ಹುಳು, ಕೊಟ್ಟ ಮನೆಯಲ್ಲೂ ಹುಳು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಹಿತ್ತಲಲ್ಲಿ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲಿ ಹುಳುಮನೆ. ಹುಳುಮನೆಗೆ ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಮುಖಕ್ಕೆ ಪೌಡರು ಬಳಿದವರು, ಮಲ್ಲಿಗೆ ಮುಡಿದವರು, ಊದುಬತ್ತಿ ಹಚ್ಚಿದ ಕೈಯವರು ಹೊಸಿಲಿನಾಚೆಯೇ ನಿಲ್ಲಬೇಕು. ಹುಳು ದೊಡ್ಡದಾದಾಗ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಕೂಡ ಇಲ್ಲ. ವಾಸನೆಗೆ ಹುಳು ಸೊಪ್ಪು ಬಿಟ್ಟೀತು ಎಂಬ ಭಯ. ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ, "ಈ ಮನೇಲಿ ಅಳಿಯನಿಗಿಂತ ಉಳಕ್ಕೇ ಮರ್ವಾದೆ ಜಾಸ್ತಿ" ಎಂದು ನನ್ನ ತವರಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದರು. ನಾನು ನಗಲಿಲ್ಲ. ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಈಗಲೂ ಗೊತ್ತಾಗಿಲ್ಲ.

ನಮ್ಮ ಮನೆಯ ರಜೆಗಳು ಕ್ಯಾಲೆಂಡರಿನಲ್ಲಿ ಕೆಂಪಗೆ ಇರುವುದಿಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಹುಳು ಜ್ವರಕ್ಕೆ ಕೂತರೆ ಮನೆಯವರಿಗೆ ಬಿಡುಗಡೆ. ನೆಂಟರ ಮದುವೆ, ಹಲ್ಲಿನ ಡಾಕ್ಟರು, ಮಾದಪ್ಪನ ಬೆಟ್ಟ ಎಲ್ಲವೂ ಆಗಲೇ. ನನ್ನ ಮಗಳು ಶೋಭಾ ಹುಟ್ಟಿದಾಗ ಅತ್ತೆ ಕೈಮುಗಿದು, "ಸದ್ಯ, ಉಳ ಜರಕ್ಕೆ ಕೂತಿರೋ ಒತ್ನಲ್ಲಿ ಉಟ್ತು, ಒಳ್ಳೆ ಕೂಸು" ಎಂದಿದ್ದರಂತೆ. ಜ್ವರ ಬಿಟ್ಟು ಎದ್ದ ಮೇಲೆ ಹಾಕುವ ಮೊದಲ ಸೊಪ್ಪು ಮಾತ್ರ ಸೂಕ್ಷ್ಮದ ಕೆಲಸ. ಬೇಗ ಹಾಕಬಾರದು, ತಡ ಮಾಡಬಾರದು, ದಪ್ಪ ಹಾಕಬಾರದು. ಆ ಸೊಪ್ಪನ್ನು ನಾನು ಇದುವರೆಗೆ ಯಾರ ಕೈಗೂ ಬಿಟ್ಟಿರಲಿಲ್ಲ, ಯಜಮಾನರ ಕೈಗಂತೂ ಮೊದಲೇ ಇಲ್ಲ.

ಶೋಭಾ ಈಗ ಕೊಳ್ಳೇಗಾಲದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಇಬ್ಬರು ಮಕ್ಕಳು: ಎರಡನೇ ತರಗತಿಯ ಸಿರಿ, ಅಂಗನವಾಡಿಯ ಮಾದು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಮಕ್ಕಳಿಗಾಗಿ ಪ್ರಕೃತಿ ಮತ್ತು ವಿಜ್ಞಾನ ಕೇಂದ್ರವೊಂದಿದೆ, ಅಲ್ಲಿ ಚಿಟ್ಟೆಮನೆಯೂ ಇದೆ ಎಂದು ಸಿರಿಗೆ ಅವಳ ಟೀಚರು ಹೇಳಿದ್ದೇ ತಡ, ದಿನಾ ನನಗೆ ಫೋನು. "ಅಜ್ಜಿ, ಹುಳಕ್ಕೆ ಜ್ವರ ಬಂತಾ?" "ಇನ್ನೂ ಇಲ್ಲಮ್ಮ." "ಅಯ್ಯೋ, ಯಾವಾಗ ಬರತ್ತೆ?" ಪಕ್ಕದ ಅಂಗಡಿಯವರು ಈ ಮಾತು ಕೇಳಿ, ಈ ಹುಡುಗಿ ಅದ್ಯಾರಿಗೆ ಕಾಯಿಲೆ ಬರಲಿ ಎಂದು ಕಾಯುತ್ತಿದ್ದಾಳೋ ಎಂದು ಗಾಬರಿಯಾಗಿದ್ದರಂತೆ. ಕೊನೆಗೂ ಒಂದು ಶನಿವಾರ ಹುಳುಗಳು ತಲೆ ಎತ್ತಿ ಕೂತವು. ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿದೆ, ಕಿಟಕಿ ತೆರೆದೆ, ಭಾನುವಾರ ಬೆಳಿಗ್ಗೆ ಯಜಮಾನರನ್ನು ಕಾವಲಿಗೆ ಕೂರಿಸಿದೆ. "ಎದ್ದ ಕೂಡಲೇ ಫೋನ್ ಮಾಡಿ. ಸೊಪ್ಪು ಮಾತ್ರ ಮುಟ್ಟಬೇಡಿ. ನಾನು ಬರ್ತೀನಿ." "ಓಗಮ್ಮಿ, ಓಗು. ನಾನೇನ್ ಮೊನ್ನೆ ಉಟ್ಟಿದ್ದೀನಾ?" ಎಂದರು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಮಗಳು, ಮಕ್ಕಳು ಕಾದಿದ್ದರು. ಯಳಂದೂರಿನಲ್ಲಿ ಇಳಿದು ಬೆಟ್ಟದ ಬಸ್ಸು ಹತ್ತಿದೆವು. ಬುತ್ತಿ ಬಿಚ್ಚುವ ಹೊತ್ತು, ನೀರು ಕುಡಿಯುವ ಹೊತ್ತು, ಹಿಂದಿರುಗುವ ಬಸ್ಸಿನ ಹೊತ್ತು ಎಲ್ಲವನ್ನೂ ನಾನು ಮೊದಲೇ ಗೊತ್ತುಮಾಡಿಟ್ಟಿದ್ದೆ. ಅದನ್ನು ಕೇಳಿದ ಶೋಭಾ, "ಅವ್ವ, ಮಕ್ಕಳಿಗೆ ಯಾವಾಗ ಖುಷಿಯಾಗಬೇಕು ಅನ್ನೋದನ್ನೂ ಹೇಳಿಬಿಡು" ಎಂದಳು.

ಕೇಂದ್ರದ ಒಳಗೆ ಕಾಲಿಟ್ಟ ಮೇಲೆ ಏನಾಯಿತೋ ನನಗೇ ತಿಳಿಯದು. ಎಷ್ಟು ಚೆಂದದ ಜಾಗ! ಒಂದು ಕನ್ನಡಿಯಲ್ಲಿ ನಾನು ರಾಗಿ ಚೀಲದಷ್ಟು ದಪ್ಪ, ಪಕ್ಕದ ಕನ್ನಡಿಯಲ್ಲಿ ಊದುಬತ್ತಿ. ಆನೆಯ ದವಡೆ ಹಲ್ಲು ನಮ್ಮ ಒರಳುಗುಂಡಿನಷ್ಟಿದೆ! ತುಳಿದರೆ ಬಲ್ಬು ಹೊತ್ತುವ ಸೈಕಲ್ಲಿಗೆ ಮಾದುವಿನ ಕಾಲು ಎಟುಕಲಿಲ್ಲ. ತೋರಿಸಿಕೊಡಲು ನಾನೇ ಸೀರೆ ಸಿಕ್ಕಿಸಿ ಹತ್ತಿದೆ. ಬಲ್ಬು ಹೊತ್ತಿತು, ಇನ್ನೂ ಜೋರಾಗಿ ತುಳಿದೆ, ಇನ್ನೂ ಬೆಳಗಿತು! "ಅವ್ವ, ಸಾಕು ಇಳಿ, ಹಿಂದೆ ಮಕ್ಕಳು ನಿಂತವೆ" ಎಂದು ಶೋಭಾ ಸೆರಗು ಎಳೆದಾಗಲೇ ನೋಡಿದ್ದು, ಪುಟ್ಟ ಮಕ್ಕಳ ಸಾಲೊಂದು ನಾನು ಇಳಿಯುವುದನ್ನೇ ಕಾಯುತ್ತಿತ್ತು. ನೀರು ಕುಡಿಯುವ ಹೊತ್ತು ಮೀರಿ ಹೋಗಿತ್ತು. ಹೋಗಲಿ ಬಿಡಿ ಎಂದುಕೊಂಡೆ.

ಎಡವಟ್ಟಾಗಿದ್ದು ಚಿಟ್ಟೆಮನೆಯ ಹತ್ತಿರ. ಬಲೆ ಕಟ್ಟಿದ ದೊಡ್ಡ ಮನೆ, ಒಳಗೆ ಎಕ್ಕ, ನಿಂಬೆ, ಕರಿಬೇವಿನ ಗಿಡಗಳು, ಎಲೆಗಳ ಮೇಲೆ ಪಟ್ಟೆಪಟ್ಟೆಯ ಹುಳುಗಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಜನ ಚಪ್ಪಲಿ ಕಾಲಲ್ಲೇ, ಕುರುಕಲು ತಿಂಡಿ ಮೆಲ್ಲುತ್ತಾ ಒಳಗೆ ನುಗ್ಗುತ್ತಿದ್ದರು! ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ನಲ್ಲಿ, ಗಿಡಕ್ಕೆ ನೀರು ಹಾಕುವ ಬಕೆಟ್ಟು. ನಾನು ಹೊಸಿಲಿಗೆ ಅಡ್ಡ ನಿಂತೆ. "ನಿಲ್ಲಿ. ಎಲ್ಲರೂ ಕಾಲು ತೊಳೀರಿ. ನೀನಮ್ಮ, ಹೂವು ತೆಗೆದು ಬ್ಯಾಗಿಗೆ ಹಾಕು. ಏನಪ್ಪಾ, ಸೆಂಟು ಹೊಡ್ಕೊಂಡು ಬಂದಿದೀಯ? ಮುಖ ತೊಳ್ಕೊ." ಆಶ್ಚರ್ಯವೆಂದರೆ ಎಲ್ಲರೂ ತೊಳೆದರು. ಗಟ್ಟಿ ದನಿಯಲ್ಲಿ ಹೇಳುವವರನ್ನು ಸರ್ಕಾರದವರೆಂದೇ ನಮ್ಮ ಜನ ತಿಳಿಯುತ್ತಾರೆ.

ಯಳಂದೂರಿನ ಬೆಲ್ಲದ ವ್ಯಾಪಾರಿ ಮಲ್ಲಪ್ಪ ಎಂಬುವವರು ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಪ್ಯಾಂಟು ಮಡಚುತ್ತಾ ಗೊಣಗಿದರು: "ಇದೇನ್ ಗರ್ಭಗುಡಿಯೇನಮ್ಮ? ಬೆಟ್ಟದ್ ಮೇಲೆ ರಂಗಪ್ಪನೂ ಇಷ್ಟು ಕೇಳಕಿಲ್ಲ."

"ರಂಗಪ್ಪ ತಡ್ಕೋತಾನೆ, ಹುಳು ತಡ್ಕೊಳ್ಳಲ್ಲ. ಹಿಮ್ಮಡಿ ಸರಿಯಾಗಿ ಉಜ್ಜಿ" ಎಂದೆ.

ಅಷ್ಟರಲ್ಲಿ ಟೋಪಿ ಹಾಕಿದ ಹುಡುಗಿಯೊಬ್ಬಳು ಓಡಿಬಂದಳು. ಕೇಂದ್ರದಲ್ಲಿ ವಿವರಣೆ ಕೊಡುವವಳು, ಹೆಸರು ರೂಪಾ. ಒದ್ದೆ ಕಾಲುಗಳ ಸಾಲು ನೋಡಿ ತಬ್ಬಿಬ್ಬಾಗಿ, "ಅಜ್ಜಿ, ನೀವ್ ಯಾರು?" ಎಂದಳು. ಚಿಟ್ಟೆಹುಳುಗಳಿಗೆ ಕಾಲು ತೊಳೆಯುವ ನಿಯಮ ಇಲ್ಲವಂತೆ. ಕಾಡಲ್ಲಿ ಆನೆ ಓಡಾಡಿದ ಜಾಗದಲ್ಲೇ ಅವು ಬದುಕುತ್ತವಂತೆ. ಮಲ್ಲಪ್ಪನವರು ತಮ್ಮ ಹೊಳೆಯುವ ಪಾದಗಳನ್ನು ನೋಡಿಕೊಂಡು, ನನ್ನನ್ನು ನೋಡಿದರು. ನಾನು ಮಾದುವಿನ ಮೂಗು ಒರೆಸತೊಡಗಿದೆ.

ರೂಪಾ ನಮ್ಮನ್ನೆಲ್ಲ ಎಕ್ಕದ ಗಿಡದ ಬಳಿ ಕರೆದಳು. ಎಲೆಯ ಅಡಿಯಲ್ಲಿ ಜುಮುಕಿಯಂತೆ ಒಂದು ಕೋಶ ತೂಗುತ್ತಿತ್ತು. ಒಳಗಿನ ಕೇಸರಿ ರೆಕ್ಕೆ ಹೊರಗೇ ಕಾಣುವಷ್ಟು ಅದರ ಸಿಪ್ಪೆ ತೆಳ್ಳಗಾಗಿತ್ತು. "ಇನ್ನೇನು ಒಡೆದು ಚಿಟ್ಟೆ ಬರುತ್ತೆ, ಇವತ್ತೇ ಬಂದ್ರೂ ಬಂತು" ಎಂದಳು. ನಾನು ಎದೆ ಬಡಿದುಕೊಂಡು, "ಅಯ್ಯೋ, ಇನ್ನೂ ಯಾಕಮ್ಮ ಇಟ್ಕೊಂಡಿದೀಯ? ಒಡೆಯೋದಕ್ಕೆ ಮುಂಚೆ ಮಾರ್ಕೆಟ್ಟಿಗೆ ಹಾಕು!" ಎಂದುಬಿಟ್ಟೆ.

ಇಡೀ ಚಿಟ್ಟೆಮನೆ ನಕ್ಕಿತು. ಮಲ್ಲಪ್ಪನವರ ನಗು ಎಲ್ಲರದ್ದೂ ನಿಂತ ಮೇಲೆ ನಿಂತಿತು. ನನ್ನ ತಪ್ಪೇನು? ಗೂಡು ಒಡೆದು ಪತಂಗ ಹೊರಬಂದರೆ ನೂಲು ಕಡಿದು ಹೋಗುತ್ತದೆ, ಆಮೇಲೆ ಆ ಗೂಡನ್ನು ಯಾರೂ ಮೂಸುವುದಿಲ್ಲ. ಬಿದಿರಿನ ಚಂದ್ರಿಕೆಯ ಮೇಲೆ ಹುಳು ಗೂಡು ಕಟ್ಟಿ ಮುಗಿಸಿದ್ದೇ ತಡ, ಬಿಡಿಸು, ತುಂಬು, ಓಡು. ನಮ್ಮ ಇಡೀ ಬದುಕು ಆ ಪತಂಗ ಹೊರಗೆ ಬರದಂತೆ ನೋಡಿಕೊಳ್ಳುವ ಓಟ.

ನಗುವಿನ ನಡುವೆ ಸಿರಿ ನನ್ನ ಕೈ ಹಿಡಿದಳು. "ಅಜ್ಜಿ, ನೀನು ಎಷ್ಟೊಂದು ಹುಳ ಸಾಕಿದೀಯ ಅಲ್ವಾ? ಹೆಂಗೆ ಹೊರಗೆ ಬರತ್ತೆ ಹೇಳು. ತಲೆ ಮೊದಲಾ, ಕಾಲು ಮೊದಲಾ?"

ಉತ್ತರಿಸಲು ಬಾಯಿ ತೆರೆದೆ. ನನಗೆ ಗೊತ್ತಿರಲಿಲ್ಲ! ಚಂದ್ರಿಕೆಯ ಮೂಲೆಯಲ್ಲಿ ಕೈತಪ್ಪಿ ಉಳಿದ ಗೂಡಿನಿಂದ ಎದ್ದುಬಂದ ಪತಂಗಗಳನ್ನು ಗುಡಿಸಿ ಆಚೆ ಹಾಕಿದ್ದೇನೆಯೇ ಹೊರತು, ಅದು ಬರುವುದನ್ನು ಒಮ್ಮೆಯೂ ನೋಡಿಲ್ಲ. ಇಷ್ಟು ವರ್ಷ ಒಬ್ಬರಿಗೆ ಊಟ ಬಡಿಸಿ, ಅವರ ಮುಖವನ್ನೇ ನೋಡದವಳಂತಾಯಿತು.

"ಇಲ್ಲೇ ನೋಡೋಣ ಅಜ್ಜಿ. ಕಾಯೋಣ" ಎಂದಳು ಸಿರಿ.

ಆಗಲೇ ರಸ್ತೆಯಲ್ಲಿ ಬಸ್ಸಿನ ಹಾರನ್ನು. ಬೆಟ್ಟದಿಂದ ಇಳಿಯುವ ನಮ್ಮ ಬಸ್ಸು ಅದೇ. ಅದು ಬಿಟ್ಟರೆ ಮುಂದಿನದು ಸಂಜೆಗೆ. ಮನೆಯಲ್ಲಿ ಹುಳು ಏಳುವ ಹೊತ್ತು. ಶೋಭಾ ಬ್ಯಾಗು ಹೆಗಲಿಗೇರಿಸಿ ನನ್ನ ಮುಖ ನೋಡಿದಳು. ಸಿರಿಯ ಕಣ್ಣು ಮಾತ್ರ ಕೋಶ ಬಿಟ್ಟು ಅಲ್ಲಾಡಲಿಲ್ಲ. "ಹೋಗಲಿ ಬಸ್ಸು" ಎಂದು ಯಾರೋ ಹೇಳಿದರು. ಶೋಭಾ ಬೆಚ್ಚಿಬಿದ್ದು ತಿರುಗಿದ್ದರಿಂದ, ಹೇಳಿದ್ದು ನಾನೇ ಎಂದು ತಿಳಿಯಿತು.

ಕಾಯುವುದೆಂದ ಮೇಲೆ ಶಿಸ್ತು ಬೇಡವೇ? ಚಿಕ್ಕವರನ್ನು ಮುಂದೆ, ದೊಡ್ಡವರನ್ನು ಹಿಂದೆ ಕೂರಿಸಿದೆ. ಮಾತಾಡಬಾರದು, ಕೆಮ್ಮುವವರು ಆಚೆ ಹೋಗಿ ಕೆಮ್ಮಬೇಕು, ಫೋನುಗಳ ಸದ್ದು ನಿಲ್ಲಿಸಬೇಕು ಎಂದೆ. ಮಲ್ಲಪ್ಪನವರೂ ಹೂಂಗುಟ್ಟಿ ಫೋನು ಆರಿಸಿದರು. ಸಿಪ್ಪೆ ಒಂದಿಷ್ಟು ಅಲುಗಿತು. ಮತ್ತೆ ಅಲುಗಿತು. ಆಗ ಆ ನಿಶ್ಶಬ್ದದಲ್ಲಿ ಒಂದು ಹುಂಜ ಗಂಟಲು ಹರಿಯುವಂತೆ ಕೂಗಿತು. ಎಲ್ಲರೂ ಸುತ್ತಮುತ್ತ ನೋಡಿದರು. ಹುಂಜ ನನ್ನ ಬ್ಯಾಗಿನಲ್ಲಿತ್ತು. ಮಾದು ನನ್ನ ಫೋನಿಗೆ ಹಾಕಿಕೊಟ್ಟ ರಿಂಗ್‌ಟೋನು ಅದು.

"ಉಳ ಎದ್ವು ಕಣಮ್ಮಿ. ತಲೆ ಆಡಿಸ್ತಾ ಅವೆ. ಎಲ್ಲಿದ್ದೀಯೆ?" ಎಂದರು ಯಜಮಾನರು.

ಬಾಯಿಗೆ ಸೆರಗು ಅಡ್ಡ ಹಿಡಿದು ಆಚೆ ತಿರುಗಿದೆ. "ನೀವೇ ಹಾಕಿಬಿಡಿ. ಎಳೆ ಸೊಪ್ಪು. ಸಣ್ಣಗೆ ಹೆಚ್ಚಿ. ತೆಳ್ಳಗೆ ಉದುರಿಸಿ. ಎಲ್ಲ ಎದ್ದಿವೆಯಾ ನೋಡಿ ಮೊದಲು. ಕೈ ತೊಳೆದ್ರಾ? ಆ ಟವೆಲ್ಲಿಗೆ ಒರೆಸಬೇಡಿ, ಬಿಳಿ ಟವೆಲ್ಲಿಗೆ. ಮೂಲೆಯ ತಟ್ಟೆಗೆ ಕಡೆಯಲ್ಲಿ..." ಎನ್ನುವಷ್ಟರಲ್ಲಿ ಬೆನ್ನ ಹಿಂದೆ "ಆಹಾ!" ಎಂದು ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ತಿರುಗಿದೆ. ಖಾಲಿ ಸಿಪ್ಪೆಗೆ ಜೋತುಬಿದ್ದು, ಹಿಂಡಿಟ್ಟ ಒದ್ದೆ ಬಟ್ಟೆಯಂಥ ರೆಕ್ಕೆಗಳನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾ ಚಿಟ್ಟೆ ಆಗಲೇ ಹೊರಗಿತ್ತು. ಮಕ್ಕಳು ಕುಣಿಯುತ್ತಿದ್ದರು. ನಾನೂ ಕುಣಿದೆ. ಅದು ಬೇರೆ ಮಾತು.

"ಅಜ್ಜಿ, ನೋಡಿದ್ಯಾ? ನೋಡಿದ್ಯಾ?" ನನ್ನ ಮುಖ ನೋಡಿ ಸಿರಿಗೆ ಅರ್ಥವಾಯಿತು. ತಾನೇ ಸ್ವೆಟರಿನೊಳಗೆ ತಲೆ ಎಳೆದುಕೊಂಡು, ಆಮೇಲೆ ನಿಧಾನಕ್ಕೆ ಅದರ ಕತ್ತಿನಿಂದ ಹಣೆ, ಕಣ್ಣು, ಮೂಗು ಒಂದೊಂದಾಗಿ ಹೊರಗೆ ತಂದು ತೋರಿಸಿದಳು. "ಹಿಂಗೆ ಬಂತು. ತಲೆಯೇ ಮೊದಲು."

ಬಸ್ಸು ಹೋಗಿದ್ದರಿಂದ ಮಲ್ಲಪ್ಪನವರೇ ತಮ್ಮ ಗಾಡಿಯಲ್ಲಿ ಯಳಂದೂರಿಗೆ ಬಿಡುತ್ತೇನೆಂದರು. ಬಾಗಿಲು ತೆರೆದು, ನೀರಿನ ಬಾಟಲಿ ನನ್ನತ್ತ ಚಾಚಿ, "ಕಾಲ್ ತೊಳ್ಕಂಡ್ ಹತ್ತಮ್ಮ. ಬೆಲ್ಲ ಸಾಗಿಸೋ ಗಾಡಿ, ನಮ್ಗೂ ಮಡಿ ಅದೆ" ಎಂದರು. ತೊಳೆದುಕೊಂಡೆ. ಹಿಮ್ಮಡಿಯನ್ನೂ ಉಜ್ಜಿಸಿದರು.

ಮನೆಗೆ ಬಂದಾಗ ಹುಳುಗಳು ಸೊಪ್ಪಿನ ಮೇಲೆ ನೆಮ್ಮದಿಯಾಗಿ ಹರಿದಾಡುತ್ತಿದ್ದವು. "ನೀನಿಲ್ದೇನೂ ತಿಂದ್ವು ಕಣಮ್ಮಿ" ಎಂದರು ಯಜಮಾನರು. ಆ ಮಾತಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸಂತೋಷವಿತ್ತು. ನಾನು ಮೂಲೆಯ ತಟ್ಟೆಯಲ್ಲಿ ಸೊಪ್ಪು ಸ್ವಲ್ಪ ದಪ್ಪವಾಗಿದೆ ಎಂದೆ. ಆಗಿರಲಿಲ್ಲ.

ಆ ಬೆಳೆಯ ಗೂಡು ಬಿಡಿಸುವಾಗ ಒಂದು ಹಿಡಿಯಷ್ಟನ್ನು ತೂತು ಮುಚ್ಚಳದ ಡಬ್ಬಿಗೆ ಹಾಕಿ ಹಿಂದಕ್ಕಿಟ್ಟೆ. ಯಜಮಾನರು ಹುಬ್ಬೇರಿಸಿದರು. ಮಕ್ಕಳಿಗೆ ರಜೆ ಬಂತು, ಊರಿಗೆ ಬಂದರು. ಪತಂಗ ಸಾಮಾನ್ಯವಾಗಿ ಬೆಳಗಿನ ಜಾವ ಹೊರಬರುತ್ತದಂತೆ. ದಿನಾ ಮುಂಜಾನೆ ಜಗಲಿಯಲ್ಲಿ ಡಬ್ಬಿಯ ಸುತ್ತ ನಾವು ಮೂವರು. ಈ ಸಲ ಉಸ್ತುವಾರಿ ಸಿರಿಯದು. ನನ್ನ ಫೋನು ಕಸಿದು ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಮಾತಾಡಬಾರದು ಎಂದಳು. ಒಂದು ದಿನ ಗೂಡಿನ ತುದಿ ಒದ್ದೆಯಾಗಿ ಮೆತ್ತಗಾಯಿತು. ನಾನು ಉಸಿರು ಬಿಗಿಹಿಡಿದು ಬಗ್ಗಿದೆ.

"ಅಜ್ಜಿ, ಕಾಲು ತೊಳೆದ್ಯಾ?"

ಹಿತ್ತಲಿಂದ ನೇರ ಬಂದಿದ್ದೆ. ನನ್ನದೇ ನಿಯಮ, ಏನು ಹೇಳಲಿ? ಬಚ್ಚಲಿಗೆ ಓಡಿದೆ. ಒಂದು ಚೊಂಬು ಹುಯ್ದುಕೊಂಡಿದ್ದೆನೋ ಇಲ್ಲವೋ, ಮಾದುವಿನ ಕೂಗು: "ಅಜ್ಜೀ! ಬತ್ತಾ ಅದೆ! ಬಾ!" ಹಾಗೇ ಓಡಿಬಂದೆ. ಸಿರಿ ಡಬ್ಬಿಗೆ ಕೈ ಅಡ್ಡ ಹಿಡಿದು ನನ್ನ ಪಾದಗಳನ್ನು ನೋಡಿದಳು. ಬಲಗಾಲಿನಿಂದ ನೀರು ಇಳಿಯುತ್ತಿತ್ತು. ಎಡಗಾಲಿನಲ್ಲಿ ತೋಟದ ಮಣ್ಣು ಹಾಗೇ ಇತ್ತು.

"ಒಂದೇ ಕಾಲು ತೊಳೆದಿದೀಯ. ಒಂದೇ ಕಣ್ಣಲ್ಲಿ ನೋಡು."

ಎಡಗಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಲಗಣ್ಣಲ್ಲಿ ನೋಡಿದೆ. ಬೆಳ್ಳನೆಯ ಪುಟ್ಟ ತಲೆಯೊಂದು ಒದ್ದೆ ನೂಲನ್ನು ಒತ್ತರಿಸಿಕೊಂಡು ಹೊರಗಿಣುಕಿತು. ತಲೆಯೇ ಮೊದಲು!