ಹನ್ನೊಂದನೆಯ ಕರಡು

ಸರಿಯಾಗಿ ಓಡುತ್ತಿರುವ ಯಂತ್ರವನ್ನು ಮುಟ್ಟಬೇಡಿ ಎಂದು ಆಫೀಸಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವ ಪುಣ್ಯಾತ್ಮನೇ ಆವತ್ತು ರಜೆ ಹಾಕಿ, ಮಧ್ಯಾಹ್ನ ಮೂರೂಮುಕ್ಕಾಲಿಗೆ ತನ್ನ ಮನೆಯ ಡಬ್ಬಿಗೆ ಅಪ್‌ಡೇಟ್ ಕೊಟ್ಟ.

ಡಬ್ಬಿ ಎಂದರೆ ಟಿವಿಯ ಕೆಳಗೆ ಕೂತಿದ್ದ ಪುಟ್ಟ ಕಂಪ್ಯೂಟರ್. ನಮ್ಮ ಪ್ರೋಗ್ರಾಮರ್‌ಗೆ ದೊಡ್ಡ ಕಂಪನಿಗಳ ಆ್ಯಪ್ ಎಂದರೆ ಮೈಯೆಲ್ಲ ಉರಿ. ನಮ್ಮ ಮಾತು ನಮ್ಮ ಮನೆಯಲ್ಲೇ ಇರಬೇಕು ಎಂದು ಫೋನಿನ ಸಿಮ್ಮನ್ನೂ ಕಿತ್ತೆಸೆದು ದೀಪ, ಬೀಗ, ಕರೆ, ಸಂದೇಶ ಎಲ್ಲವನ್ನೂ ಆ ಡಬ್ಬಿಗೇ ಒಪ್ಪಿಸಿದ್ದ. ಅಕ್ಕಪಕ್ಕದವರ ಬಾಯಲ್ಲಿ ಅವನು ಡಬ್ಬಿಯಣ್ಣ.

ಹೆಂಡತಿ ಕೆಲಸದ ಮೇಲೆ ದೂರದ ಊರಿಗೆ ಹೋಗಿ ಮೂರು ತಿಂಗಳಾಗಿತ್ತು. ಅವಳು ಏಳುತ್ತಿದ್ದ ಆರೂವರೆಗೆ ಅಡುಗೆಮನೆಯ ದೀಪ ಈಗಲೂ ತಾನಾಗಿ ಹತ್ತುತ್ತಿತ್ತು. ಪ್ರೋಗ್ರಾಮಿನ ಆ ಒಂದು ಸಾಲನ್ನು ಅಳಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ದಿನಾ ಹಾಸಿಗೆಯಲ್ಲೇ ಕೂತು ಆ ಬೆಳಕನ್ನು ನೋಡುತ್ತಾ, ಅವಳು ಒಳಗೇ ಇದ್ದಾಳೆ ಅಂದುಕೊಳ್ಳುತ್ತಿದ್ದ. ಅವಳು ಬೇಕಿತ್ತು ಅವನಿಗೆ, ತುಂಬಾ ಬೇಕಿತ್ತು.

ನಿನ್ನೆ ಅವಳ ಸಂದೇಶ ಬಂದಿತ್ತು. "ನಾಳೆ ಐದು ಗಂಟೆಯೊಳಗೆ ಆಫೀಸಲ್ಲಿ ಹೇಳ್ಬೇಕು ರೀ, ಇನ್ನಾರು ತಿಂಗಳು ಇರ್ತೀನೋ, ಭಾನುವಾರ ಬಂದ್ಬಿಡ್ತೀನೋ ಅಂತ. ನೀವೇನಂತೀರಿ?"

"ಬಾ" ಎಂದರೆ ಮುಗಿಯುತ್ತಿತ್ತು. ಇವನು ಬೆಳಗಿನಿಂದ ಪತ್ರ ಬರೆಯುತ್ತಾ ಕೂತ. ಅದೂ ಪ್ರೋಗ್ರಾಮ್ ಬರೆಯುವ ಎಡಿಟರಿನಲ್ಲಿ, ಪ್ರತಿ ತಿದ್ದುಪಡಿಯನ್ನೂ ಬೇರೆ ಕರಡಾಗಿ ಉಳಿಸಿಕೊಂಡು. ಮೂರನೆಯದರಲ್ಲಿ ಅಂಗಲಾಚಿದ್ದನ್ನು ಐದನೆಯದರಲ್ಲಿ ತೆಗೆದ, ಎಂಟನೆಯದರಲ್ಲಿ ಮತ್ತೆ ಸೇರಿಸಿದ. ಹನ್ನೊಂದನೆಯದು ಒಪ್ಪಿಗೆಯಾಯಿತು. ಇಷ್ಟು ಮುಖ್ಯವಾದ ಪತ್ರ ದಾರಿಯಲ್ಲಿ ಎಡವಬಾರದೆಂದೇ ಅಪ್‌ಡೇಟ್ ಕೊಟ್ಟದ್ದು. ಡಬ್ಬಿ ಎರಡು ಸಲ ಮಿಣುಕಿ ಕಣ್ಣು ಮುಚ್ಚಿತು. ಏನು ಮಾಡಿದರೂ ಏಳಲಿಲ್ಲ. ಬೀಗವೂ ಅದರ ಕೈಯಲ್ಲೇ ಇದ್ದುದರಿಂದ ಮನೆಯ ಬಾಗಿಲೂ ತೆರೆಯಲಿಲ್ಲ.

ನಾಲ್ಕೂಕಾಲಿಗೆ ಮಹಡಿ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯ ಹೊರಗೆ ಬಂದು ನಿಂತರು. ವಿಷಯ ಕೇಳಿ, ತಮ್ಮ ಫೋನನ್ನೇ ಒಳಕ್ಕೆ ಚಾಚಿದರು.

"ತಗೊಳಪ್ಪ, ಎಲ್ಲರ ಹತ್ರ ಇರೋ ಆ್ಯಪು ಇದರಲ್ಲೂ ಇದೆ. ಎರಡಕ್ಷರ ಕಳಿಸು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಬೇಕು ನಿಂಗೆ?"

ತೆಗೆದುಕೊಳ್ಳಬಹುದಿತ್ತು. ಆದರೆ ಡಬ್ಬಿಯನ್ನು ಉಪ್ಪಿನಕಾಯಿ ಅಂದುಬಿಟ್ಟರಲ್ಲ.

"ಹಾಗಲ್ಲ ಮೇಷ್ಟ್ರೇ, ಒಂದ್ನಿಮಿಷ ಕೇಳಿ," ಎಂದು ಶುರು ಮಾಡಿದ. ಬೇರೆಯವರ ಯಂತ್ರದಲ್ಲಿ ನಮ್ಮ ಮಾತು ಇಡುವುದು ಯಾಕೆ ತಪ್ಪು, ಅದನ್ನು ನೂರು ಜನ ಹೇಗೆ ಓದುತ್ತಾರೆ, ಯಾವ ಎಡಿಟರ್ ಒಳ್ಳೆಯದು, ಯಾವುದು ಬರೀ ಬಣ್ಣ. ಪಾಪ, ಮೂರು ತಿಂಗಳಿಂದ ಅವನ ಮಾತಿಗೆ ಕಿವಿ ಕೊಟ್ಟವರೇ ಇರಲಿಲ್ಲ. ಮೇಷ್ಟ್ರು ತಲೆಯಾಡಿಸಿದಷ್ಟೂ ಇವನ ಮುಖ ಅರಳಿತು. ದೊಡ್ಡ ಕಂಪನಿಯವರ ಮೇಲೆ ತಾನೇ ಎರಡು ಜೋಕು ಹೊಡೆದು ತಾನೇ ಜೋರಾಗಿ ನಕ್ಕ.

ಗಡಿಯಾರ ನೋಡಿದಾಗ ಐದಕ್ಕೆ ಐದು ನಿಮಿಷ.

"ಕೊಡಿ, ಕೊಡಿ ಫೋನು." ಕಿತ್ತುಕೊಂಡ. ಬೆರಳು ಅಲ್ಲೇ ನಿಂತಿತು. ಹೆಂಡತಿಯ ನಂಬರ್ ಇದ್ದದ್ದೂ ಡಬ್ಬಿಯೊಳಗೇ.

"ಕಟ್ಟಿಕೊಂಡವಳ ನಂಬರು ಬಾಯಿಪಾಠ ಇಲ್ವೇನೋ? ಪಕ್ಕದ್ಮನೆ ಟೈಲರಕ್ಕ ಅವಳ ಗೆಳತಿ ಅಲ್ವಾ, ಕೇಳು ಹೋಗು," ಅಂದರು ಮೇಷ್ಟ್ರು.

ಡಬ್ಬಿಯಣ್ಣ ಕಿಟಕಿ ಹಾರಿದ. ಕಿಟಕಿಯ ಕೊಂಡಿ ಪ್ಯಾಂಟನ್ನು ಹಿಡಿದುಕೊಂಡಿತು, ಬಿಡಿಸಿಕೊಳ್ಳುವಷ್ಟರಲ್ಲಿ ಅದು ಮೊಣಕಾಲಿನವರೆಗೆ ಹರಿಯಿತು. ಪಕ್ಕದ ಮನೆಗೆ ಓಡಿ ನೋಡಿದರೆ ಟೈಲರಕ್ಕ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ಐದು ದಾಟಿ ಐದು ನಿಮಿಷ.

"ಅಕ್ಕಾ, ನನ್ನ ಹೆಂಡ್ತಿ ನಂಬರ್ ಕೊಡಿ. ಬೇಗ."

"ನಂಬರ್ ಯಾಕೆ? ಅವಳೇ ಇದಾಳೆ, ಮಾತಾಡಿ. ದಿನಾ ಒಂದು ಗಂಟೆ ಇದೇ ಕೆಲಸ ನಮ್ಮದು."

ಹನ್ನೊಂದು ಕರಡುಗಳಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. "ಬಂದ್ಬಿಡು," ಅಂದ. "ನೀನಿಲ್ದೆ ಆಗ್ತಾ ಇಲ್ಲ ಕಣೇ ನಂಗೆ."



"ಈ ಮಾತಿಗೇ ರೀ ನಾನು ಮೂರು ತಿಂಗಳು ಕಾದಿದ್ದು," ಅಂದಳು. "ಇವತ್ತೂ ನಾಲ್ಕೂವರೆವರೆಗೂ ಕಾದೆ. ಆಮೇಲೆ ಅಕ್ಕಂಗೆ, ಒಂಚೂರು ನೋಡಿ, ನಾನಿಲ್ದೆ ಹೇಗಿದಾರೆ ಅಂದೆ. ಮೇಷ್ಟ್ರ ಜೊತೆ ನಗ್ತಾ ನಗ್ತಾ ಮಾತಾಡ್ತಿದಾರೆ, ಇಷ್ಟು ಖುಷಿಯಾಗಿ ಯಾವತ್ತೂ ನೋಡಿಲ್ಲ ಅಂದ್ರು. ಈಗ ತಾನೇ ಆರು ತಿಂಗಳಿಗೆ ಸಹಿ ಹಾಕಿ ಬಂದೆ."

ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಅವಳ ಉಸಿರು ಕೇಳುತ್ತಾ ನಿಂತ.

ಟೈಲರಕ್ಕ ಮೆಲ್ಲಗೆ ಅವನ ಕೈಯಿಂದ ಫೋನ್ ಬಿಡಿಸಿಕೊಂಡಳು. "ಆಯ್ತಲ್ಲ? ಇತ್ಲಾಗೆ ಕೊಡಿ. ನಮ್ಮ ಮಾತು ಇನ್ನೂ ಅರ್ಧದಲ್ಲಿದೆ."