ಕಾಕಾ ಕೊಳ್ಳದ ಪಿಕಪ್ಪು

ಹೆಣ್ಣು ನೋಡಲು ಹೋದಾಗ ಚಹಾ ಆರುವುದರೊಳಗೆ ಒಪ್ಪಿಬಿಟ್ಟ ನಮ್ಮ ಕಾಕಾ, ಒಂದು ಪಿಕಪ್ ಗಾಡಿ ಒಪ್ಪಲು ನಾಲ್ಕು ತಿಂಗಳಿಂದ ಒದ್ದಾಡುತ್ತಿದ್ದಾರೆ ಎಂದರೆ ನಂಬುತ್ತೀರಾ? ನಂಬಲೇಬೇಕು! ಡೀಸೆಲ್ಲೋ ಗ್ಯಾಸೋ, ಇದೊಂದೇ ಜಪ. ಮಿರಜಿನಿಂದ ಕಾಕಾನ ಊರು ಸಲಗರೆಯವರೆಗೆ ಈ ಸುದ್ದಿ ಗೊತ್ತಿಲ್ಲದವರೆಂದರೆ ಕಾಕಾನ ಕುರಿಗಳು ಮಾತ್ರ. ಅವಕ್ಕೂ ಈಗೀಗ ಅನುಮಾನ ಬಂದಂತಿದೆ.

ಕುರಿಗಳನ್ನು ಸಂತೆಗೆ ಒಯ್ಯುತ್ತಿದ್ದ ಹಳೆಯ ಗಾಡಿ ಆರಗ ಊರಿನ ಹತ್ತಿರ ಕೆಟ್ಟು ನಿಂತದ್ದು ಮತ್ತೆ ಏಳಲಿಲ್ಲ. ಅದೇ ಸುಮಾರಿಗೆ ಕಾಕೂ, ಅಂದರೆ ಕಾಕಾನ ಹೆಂಡತಿ, ಹಾಸಿಗೆ ಹಿಡಿದರು. ಮಿರಜಿನ ಡಾಕ್ಟರರು ಎಲ್ಲ ತಪಾಸಣೆ ಮಾಡಿ, ಇನ್ನು ಮನೆಗೇ ಕರೆದುಕೊಂಡು ಹೋಗಿ, ಉಂಡಷ್ಟು ದಿನ ಉಣಿಸಿ ಎಂದರು. ಕಾಕೂ ಉಣ್ಣುವುದನ್ನೇ ಬಿಡುತ್ತ ಬಂದರು. ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ಪಕ್ಕದಲ್ಲಿ ಕೂತು ಎರಡು ಗುಟುಕು ಗಂಜಿಯಾದರೂ ಕುಡಿಸಬೇಕು. ನಮ್ಮ ಕಾಕಾ ರುಮಾಲು ಸುತ್ತಿಕೊಂಡು ಸಾಂಗಲಿಯ ಶೋರೂಮಿಗೆ ಹೊರಟರು!

"ಡಿಸೇಲಂದ್ರ ಎತ್ತ ಇದ್ದಂಗ, ಎಳಿತೈತಿ, ಆದ್ರ ಮೇವ ಬಾಳ. ಗ್ಯಾಸಂದ್ರ ಕತ್ತೆ ಇದ್ದಂಗ, ಕಡಿಮಿ ತಿಂತೈತಿ, ಏರ ಬಂತಂದ್ರ ನಿಂದರತೈತಿ" ಎಂಬುದು ಅವರ ಸಿದ್ಧಾಂತ. ಶೋರೂಮಿನಲ್ಲಿ ಬಾನೆಟ್ ತೆಗೆಸಿ, ಟಗರಿನ ಹಲ್ಲು ನೋಡುವ ಹಾಗೆ ಇಂಜಿನ್ನು ನೋಡಿದರು. ಟೈ ಕಟ್ಟಿದ ಸೇಲ್ಸಿನವನು ಬೆಲೆ ಹೇಳಲು ಬಾಯಿ ತೆರೆದದ್ದೇ ತಡ, "ಬಾಯಿಲೆ ಹೇಳಬ್ಯಾಡಪಾ!" ಎಂದು ರುಮಾಲು ಬಿಚ್ಚಿ ಅವನ ಕೈ ಮೇಲೆ ಹೊದಿಸಿ, ಒಳಗಿಂದ ಬೆರಳು ಹಿಡಿದರು. ಕುರಿ ಸಂತೆಯ ವ್ಯಾಪಾರ ಹೀಗೆಯೇ ನೋಡಿ, ಬೆರಳು ಒತ್ತಿಯೇ ದರ ಕುದುರಿಸುವುದು, ಪಕ್ಕದವನಿಗೆ ತಿಳಿಯಬಾರದು. ಆ ಹುಡುಗನಿಗೆ ಇದೆಲ್ಲಿ ಗೊತ್ತು? "ಅಹೋ ಕಾಕಾ, ಹಾತ್ ಸೋಡಾ!" ಎಂದು ಮರಾಠಿಯಲ್ಲಿ ಕೂಗಿಕೊಂಡ, ಕೈ ಬಿಡಿ ಅಂತ. ಕೊನೆಗೆ ಮ್ಯಾನೇಜರ್ ಬಂದು ಕೈ ಬಿಡಿಸಬೇಕಾಯಿತು.

ಇನ್ನೊಂದು ದಿನ ಮಿರಜಿನ ಗ್ಯಾಸ್ ಪಂಪಿನ ಸಾಲಿನಲ್ಲಿ ನಿಂತುಬಿಟ್ಟರು. ಗಾಡಿ? ಗಾಡಿ ಎಲ್ಲಿದೆ! ಎರಡು ಟೆಂಪೋಗಳ ನಡುವೆ ಕಾಕಾ ಒಬ್ಬರೇ, ಸಾಲು ಸರಿದಂತೆ ತಾವೂ ಸರಿಯುತ್ತ. ಗ್ಯಾಸು ಸಿಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಪರೀಕ್ಷೆ ಮಾಡಬೇಕಲ್ಲ! ಎರಡು ತಾಸಿಗೆ ಪಾಳಿ ಬಂತು. ಪಂಪಿನವನು "ಗಾಡಿ ಕುಠೆ ಆಹೆ?" ಎಂದ, ಗಾಡಿ ಎಲ್ಲಿ ಅಂತ. "ಕೊಳ್ಳೂದೋ ಬ್ಯಾಡೋ ಅಂತ ನೋಡಾಕ ನಿಂತೇನಿ!" ಎಂದರು ಕಾಕಾ. ಹಿಂದಿನ ಟೆಂಪೋದವನು ಬೈದ ಬೈಗುಳವನ್ನು ನಾನಿಲ್ಲಿ ಬರೆಯಲಾರೆ.

ಮಿರಜಿನಲ್ಲೇ ಇರುವ ನನ್ನ ಕಿವಿಗೆ ಇವೆಲ್ಲ ಬೀಳುತ್ತಿದ್ದವು. ನಗು ಮಾತ್ರ ಬರುತ್ತಿರಲಿಲ್ಲ. ಹೆಂಡತಿ ಸಾಯಲು ಬಿದ್ದಿದ್ದಾಳೆ, ಇವನಿಗೆ ಗಾಡಿಯ ಶೋಕಿ ಎಂದು ಊರವರು ಆಡಿಕೊಳ್ಳುತ್ತಿದ್ದರು. ಸುಳ್ಳೇನು? ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಕಾಕೂ ಅಲ್ಲಿ ದಿನದಿನಕ್ಕೆ ಕರಗುತ್ತಿದ್ದರು. ಹೋದ ವಾರ ಸಿಟ್ಟು ನೆತ್ತಿಗೇರಿತು. ಮುಲಾಜು ನೋಡದೆ ಅಂದೇಬಿಡಬೇಕೆಂದು ಸಂಜೆಯ ಬಸ್ಸು ಹಿಡಿದು ಸಲಗರೆಗೆ ಹೋದೆ.

ಹೋದವನು ಹೊಸ್ತಿಲಲ್ಲೇ ನಿಂತೆ. ಒಳಗೆ ಕಾಕಾ ಕೈಯಲ್ಲಿ ವಾಟಿ, ಅಂದರೆ ಸಣ್ಣ ಬಟ್ಟಲು, ಹಿಡಿದು ಕಾಕೂನ ಹಾಸಿಗೆಯ ಸುತ್ತ ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು. ನಡುನಡುವೆ ಬಾಯಲ್ಲೇ ಹಾರ್ನು! "ಹಿಂದಿನಾಂವ ಪೋಂ ಅಂತಾನ, ನಾನೂ ತಿರುಗಿ ಪೋಂ ಅಂದೆ..." ಕಾಕೂ ನಕ್ಕರು. ಬಾಯಿ ತೆರೆದದ್ದೇ ತಡ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುತ್ತು ಒಳಗೆ!

"ಮುಂದ ಏನಾತ್ರಿ?"

"ನುಂಗ ಮೊದಲ. ಆಮ್ಯಾಲ ಹೇಳ್ತೀನಿ."

ವಾಟಿ ಖಾಲಿಯಾಯಿತು. ನಾಳೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತಲೇ ಕಾಕೂ ನಿದ್ದೆ ಹೋದರು. ಕಾಕಾ ಹೊರಗೆ ಬಂದು ನನ್ನನ್ನು ಕಂಡವರೇ, ಖಾಲಿ ವಾಟಿಯನ್ನು ತೋರಿಸಿದರು. ಮುಖದಲ್ಲಿ ನಗು ಇರಲಿಲ್ಲ.

"ಸಾಂಗಲಿ, ಮಿರಜ ಎಲ್ಲಾ ತಿರಗಿ ಮುಗೀತ ಮಗಾ" ಎಂದರು ಮೆಲ್ಲಗೆ. "ನಾಳಿ ಆಕಿಗಿ ಏನ ಹೇಳ್ಲಿ?"

ಬೈಯಲು ಬಂದವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಅವರ ಕೈಯಿಂದ ವಾಟಿ ಇಸಿದುಕೊಂಡು ಹೇಳಿದೆ:

"ಕೊಲ್ಲಾಪುರದಾಗ ಬೇಕಾದಷ್ಟು ಶೋರೂಮ ಅದಾವ್ರಿ ಕಾಕಾ. ಮುಂಜಾನೆ ನಾನೂ ಬರ್ತೀನಿ."